ಕಾಲಿಲ್ಲದವರು ಬಾಹ್ಯಾಕಾಶಕ್ಕೆ ಹೋಗಬಹುದಾ?

ಪ್ರಶ್ನೆ: ನಾವು ಬೀದರಿನವರು. ಮಗನಿಗೆ ಹನ್ನೆರಡು ವರ್ಷ, ಒಂದು ಕಾಲಿನಲ್ಲಿ ಶಕ್ತಿಯಿಲ್ಲ. ವಾಯುಪಡೆಯ ವಿಮಾನಗಳನ್ನು ನೋಡಿ ನೋಡಿ ‘ನಾನೂ ರಾಕೆಟ್‌ನಾಗ ಹೋಗ್ತೀನಿ’ ಅಂತಾನೆ. ಮಂದಿ ನಗ್ತಾರೆ. ಇಂಥವರನ್ನು ಕಳಿಸ್ತಾರೇನ್ರಿ?

ಹೋಗಿ ಬಂದವರೇ ಇದ್ದಾರೆ, ಅಕ್ಕಾ. ಅಮೆರಿಕದ ಹೇಲಿ ಆರ್ಸೆನೋ ಅವರಿಗೆ ಚಿಕ್ಕಂದಿನಲ್ಲಿ ಮೂಳೆ ಕ್ಯಾನ್ಸರ್ ಆಗಿತ್ತು, ಕಾಲೊಳಗೆ ಲೋಹದ ಸರಳಿದೆ. 2021ರ ಸೆಪ್ಟೆಂಬರಿನಲ್ಲಿ ಮೂರು ದಿನ ಭೂಮಿ ಸುತ್ತಿ ಬಂದರು. 2025ರ ಡಿಸೆಂಬರಿನಲ್ಲಿ ಜರ್ಮನಿಯ ಎಂಜಿನಿಯರ್ ಮಿಖಾಯೆಲಾ ಬೆಂಟ್‌ಹೌಸ್ ಹೋದರು. ಹಾರಾಟ ಸುಮಾರು ಹತ್ತು ನಿಮಿಷದ್ದು. ಆದರೆ ವೀಲ್‌ಚೇರ್ ಬಳಸುವವರಲ್ಲಿ ಅವರೇ ಮೊದಲಿಗರು.

ಯೋಚನೆ ಮಾಡಿದರೆ, ಅಲ್ಲಿ ನಡೆಯುವುದೇ ಇಲ್ಲ. ತೇಲುತ್ತಾ, ಹಿಡಿಕೆಗಳನ್ನು ಕೈಯಲ್ಲಿ ಎಳೆದುಕೊಳ್ಳುತ್ತಾ ಮುಂದೆ ಹೋಗುತ್ತಾರೆ. ಕಾಲಿಗೆ ಕೆಲಸ ಕಮ್ಮಿ.

ನನಗೆ ಜಾಸ್ತಿ ಇಷ್ಟವಾದ ಕತೆ ಇನ್ನೊಂದಿದೆ. 1950ರ ದಶಕದ ಕೊನೆಯಲ್ಲಿ ತೂಕವಿಲ್ಲದ ಜಾಗದಲ್ಲಿ ದೇಹಕ್ಕೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಆಗ ಅಮೆರಿಕದ ನೌಕಾಪಡೆ ಮತ್ತು ನಾಸಾದವರು ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನಿಂದ 11 ಜನರನ್ನು ಕರೆಸಿದರು. ಅವರಲ್ಲಿ 10 ಮಂದಿಗೆ ಮಿದುಳುಜ್ವರದಿಂದ ಕಿವಿ ಹೋಗಿತ್ತು. ಕಿವಿಯ ಒಳಗೆ ದೇಹದ ಸಮತೋಲ ಕಾಯುವ ಭಾಗವೂ ಹಾಳಾಗಿತ್ತು. ಹಾಗಾಗಿ ಎಷ್ಟು ತಿರುಗಿಸಿದರೂ ತಲೆಸುತ್ತಿಲ್ಲ, ವಾಂತಿಯಿಲ್ಲ! ಕೆಲವರು 12 ದಿನ ತಿರುಗುವ ಕೋಣೆಯಲ್ಲೇ ಇದ್ದರು. ಒಮ್ಮೆ ಬಿರುಗಾಳಿಯ ಸಮುದ್ರಕ್ಕೆ ಹಡಗಿನಲ್ಲಿ ಕರೆದೊಯ್ದರು. ಪರೀಕ್ಷೆ ಮಾಡಲು ಬಂದವರೇ ವಾಂತಿ ಮಾಡಿಕೊಂಡು ಮಲಗಿದರು. ಇವರು ಆರಾಮಾಗಿ ಇಸ್ಪೀಟ್ ಆಡುತ್ತಿದ್ದರು. ಅವರಿಂದ ಕಲಿತದ್ದು ಬೇರೆಯವರ ಪ್ರಯಾಣಕ್ಕೆ ಬಂತು. ಅವರಲ್ಲಿ ಒಬ್ಬರನ್ನೂ ಮೇಲೆ ಕಳಿಸಲಿಲ್ಲ. ಇದು ನನಗೆ ಇನ್ನೂ ಚುಚ್ಚುತ್ತದೆ.

ಹಾಗಂತ ಎಲ್ಲ ಸಲೀಸು ಅಂತ ಸುಳ್ಳು ಹೇಳುವುದಿಲ್ಲ. ಬ್ರಿಟನ್ನಿನ ಜಾನ್ ಮೆಕ್‌ಫಾಲ್ 19ನೇ ವಯಸ್ಸಿನಲ್ಲಿ ಬೈಕ್ ಅಪಘಾತದಲ್ಲಿ ಬಲಗಾಲು ಕಳೆದುಕೊಂಡರು. 2008ರ ಪ್ಯಾರಾಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿ ಕಂಚು ಗೆದ್ದರು, ಆಮೇಲೆ ಸರ್ಜನ್ ಆದರು. 2022ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅವರನ್ನು ಆರಿಸಿಕೊಂಡಿತು. ಆಗ ಎದ್ದ ಪ್ರಶ್ನೆಗಳು ಬಹಳ ಸಣ್ಣವು, ಆದರೆ ಗಟ್ಟಿ. ತೂಕವಿಲ್ಲದಲ್ಲಿ ಮೈಯ ನೀರು ತಲೆಯ ಕಡೆ ಏರುತ್ತದೆ. ಆಗ ಮೊಂಡುಕಾಲಿನ ಗಾತ್ರ ಬದಲಾದರೆ ಕೃತಕ ಕಾಲು ಸರಿಯಾಗಿ ಕೂರುತ್ತದಾ? ಅಲ್ಲಿ ವ್ಯಾಯಾಮಕ್ಕೆ ಟ್ರೆಡ್‌ಮಿಲ್ ಮೇಲೆ ಓಡುವುದು ಹೇಗೆ? ತುರ್ತಿನಲ್ಲಿ ಹೊರಗೆ ಬರಲು ಆಗುತ್ತದಾ? ಒಂದೊಂದನ್ನೂ ಪರೀಕ್ಷಿಸಿ ನೋಡಿದರು. ತಿಂಗಳುಗಟ್ಟಲೆ ಅಲ್ಲಿರಲು ಆರೋಗ್ಯದ ಅಡ್ಡಿಯಿಲ್ಲ ಎಂಬ ಒಪ್ಪಿಗೆ 2025ರ ಫೆಬ್ರವರಿಯಲ್ಲಿ ಸಿಕ್ಕಿತು.

ನಮ್ಮ ದೇಶದ ಮಾತು ಬೇರೆ. ಗಗನಯಾನಕ್ಕೆ ಮೊದಲು ಆರಿಸಿದ ನಾಲ್ವರೂ ವಾಯುಪಡೆಯ ಪೈಲಟ್‌ಗಳು. ಆ ದಾರಿಯಲ್ಲಿ ನಿಮ್ಮ ಮಗನಿಗೆ ಇವತ್ತು ಜಾಗವಿಲ್ಲ. ಆದರೆ ಬೆಂಟ್‌ಹೌಸ್ ಎಂಜಿನಿಯರ್, ಮೆಕ್‌ಫಾಲ್ ಸರ್ಜನ್, ಅಲ್ವಾ? ಗಣಿತ, ವಿಜ್ಞಾನ ಬಿಡಿಸಬೇಡ್ರಿ. ರಜೆಯಲ್ಲಿ ರೈಲು ಹತ್ತಿಸಿ ಕಲಬುರಗಿಗೆ ಕರಕೊಂಡು ಬರ್ರಿ. ಇಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಆ ಹನ್ನೊಂದು ಮಂದಿಯ ಇಸ್ಪೀಟಿನ ಕತೆಯನ್ನು ಬರುವಾಗ ರೈಲಿನಲ್ಲೇ ಹೇಳ್ರಿ.