ನೋವಿಲ್ಲದ ಹುಣ್ಣು ಬೇಗ ಮಾಯುವುದಿಲ್ಲ

ಶುಗರ್ ಇದ್ದವರ ರಕ್ತ ಸಿಹಿ, ಕ್ರಿಮಿಗಳಿಗೆ ಹಬ್ಬ, ಅದಕ್ಕೇ ಗಾಯ ಮಾಯುವುದಿಲ್ಲ ಎನ್ನುತ್ತಾರೆ. ಅಂಗಾಲಿನ ಹುಣ್ಣಿನ ಮುಖ್ಯ ಕಥೆ ಅದಲ್ಲ. ಅಲ್ಲಿ ಕೈಕೊಟ್ಟಿರುವುದು ನೋವು.

ಚಪ್ಪಲಿಯೊಳಗೆ ಕಲ್ಲು ಸಿಕ್ಕರೆ ನಾವು ಕುಂಟುತ್ತೇವೆ. ಶುಗರ್‌ನಿಂದ ನರ ಸತ್ತ ಕಾಲು ಕುಂಟುವುದಿಲ್ಲ, ಸಂಜೆಯವರೆಗೂ ಅದೇ ಜಾಗವನ್ನು ತುಳಿಯುತ್ತದೆ. ಹೆಬ್ಬೆರಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿ, ಆ ಜಡ್ಡೇ ಇನ್ನೊಂದು ಕಲ್ಲಾಗುತ್ತದೆ. ಅದರಡಿ ರಕ್ತ ಕಟ್ಟಿ ಕಪ್ಪು ಚುಕ್ಕೆ ಮೂಡಿದರೆ ಒಳಗೆ ಹುಣ್ಣು ಆಗಲೇ ತಯಾರಾಗಿದೆ ಎಂದೇ ಲೆಕ್ಕ.

ಈ ಪಾಠ ಕಲಿಸಿದ್ದು ಕುಷ್ಠರೋಗ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ರೋಗಿಗಳ ಬೆರಳು ರೋಗಾಣುವಿನಿಂದ ಕೊಳೆತು ಉದುರುವುದಿಲ್ಲ, ಸ್ಪರ್ಶವಿಲ್ಲದೆ ಪೆಟ್ಟು ತಿಂದು ತಿಂದು ಸವೆಯುತ್ತವೆ ಎಂದು ತೋರಿಸಿದರು. ಅಂಥ ಕಾಲಿಗೆ ಪ್ಲಾಸ್ಟರ್ ಸುತ್ತಿದರೆ ಹುಣ್ಣು ಮಾಯುತ್ತಿತ್ತು. ಮಧುಮೇಹದ ಹುಣ್ಣಿಗೂ ಇಂದು ಅದೇ ಮದ್ದು: ಭಾರ ಒಂದೇ ಕಡೆ ಬೀಳದೆ ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚಿಹೋಗುತ್ತದೆ. ಬಾವು ಇಳಿದು ಪ್ಲಾಸ್ಟರ್ ಸಡಿಲವಾದರೆ ಅದೇ ಉಜ್ಜಿ ಹೊಸ ಹುಣ್ಣಾಗುತ್ತದೆ. ಆದ್ದರಿಂದ ಮೊದಲನೆಯದನ್ನು ಕೆಲವೇ ದಿನಗಳಲ್ಲಿ ಬದಲಿಸಬೇಕು. ರಕ್ತ ಹರಿಯದ, ಆಳಕ್ಕೆ ಕೀವಾದ ಕಾಲಿಗೆ ಇದು ಸಲ್ಲ.

ರಕ್ತ ಹರಿಯುತ್ತಿದೆಯೇ? ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ. 0.9ಕ್ಕಿಂತ ಕಡಿಮೆ ಬಂದರೆ ಧಮನಿ ಕಿರಿದಾಗಿದೆ. 1.4 ದಾಟಿದರೆ ಹಿಗ್ಗಬೇಡಿ: ಸುಣ್ಣ ಕಟ್ಟಿ ಗಟ್ಟಿಯಾದ ಧಮನಿಯನ್ನು ಬಿಪಿ ನೋಡುವ ಪಟ್ಟಿ ಒತ್ತಲಾರದು, ಅಂಕಿ ಸುಳ್ಳು. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು.

ಗಾಯದೊಳಗೂ ಒಂದು ಎಡವಟ್ಟಿದೆ. ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಮೊದಲು ಹಾರೆ ಹಿಡಿದು ಹಾಳಾದ ಗೋಡೆ ಕೆಡವುತ್ತವೆ, ಕೆಲ ದಿನಗಳಲ್ಲಿ ಹಾರೆ ಬಿಟ್ಟು ಕರಣೆ ಹಿಡಿಯಬೇಕು. ಸಕ್ಕರೆ ಏರಿದ ದೇಹದಲ್ಲಿ ಇವು ಹಾರೆ ಬಿಡುವುದೇ ಇಲ್ಲ. ಎಂಎಂಪಿ-9 ಎಂಬ ಕಿಣ್ವ ಹಗಲು ನೇಯ್ದದ್ದನ್ನು ರಾತ್ರಿ ಇಲಿ ಕಡಿದಂತೆ ಹೊಸ ಎಳೆಗಳನ್ನು ಕತ್ತರಿಸುತ್ತಲೇ ಇರುತ್ತದೆ. ವೈದ್ಯರು ಜಡ್ಡನ್ನೂ ಸತ್ತ ಮಾಂಸವನ್ನೂ ರಕ್ತ ಜಿನುಗುವ ಅಂಚಿನವರೆಗೆ ಕೆತ್ತುವುದು ಈ ಹಳೇ ಗಾಯವನ್ನು ಮತ್ತೆ ಹೊಸ ಗಾಯವಾಗಿಸಲು. ಮೇಲೆ ಅರಿಶಿನ, ಕಾಫಿಪುಡಿ ಮೆತ್ತಿಕೊಂಡು ಬಂದರೆ ಗಾಯದ ಬಣ್ಣವೇ ಕಾಣುವುದಿಲ್ಲ.

ಸ್ಪರ್ಶ ಉಳಿದಿದೆಯೇ ಎಂದು ತಿಳಿಯಲು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಸಾಕು. ಕಣ್ಣು ಮುಚ್ಚಿಸಿ ಅಂಗಾಲಿಗೆ ಮುಟ್ಟಿಸುತ್ತಾರೆ, ಜಡ್ಡಿನ ಮೇಲಲ್ಲ. ಉದ್ದದ ನರಗಳು ಮೊದಲು ಸಾಯುವುದರಿಂದ ಪಾದಕ್ಕೇ ಮೊದಲ ಪೆಟ್ಟು. ಸ್ನಾನದ ನೀರಿನ ಬಿಸಿ ನೋಡಲು ಕಾಲಿಡಬೇಡಿ, ಮೊಣಕೈ ಅದ್ದಿ.