ಅಪವರ್ತನವೇ ಸಿಕ್ಕಿಲ್ಲ, ಆದರೂ ಸಂಯುಕ್ತ ಸಂಖ್ಯೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಕೆಲವು ಭಾರೀ ಸಂಖ್ಯೆಗಳು ಅವಿಭಾಜ್ಯ ಅಲ್ಲ ಅಂತ ಸಾಬೀತಾಗಿದೆಯಂತೆ, ಆದರೆ ಅವುಗಳ ಒಂದು ಅಪವರ್ತನವೂ ಯಾರಿಗೂ ಗೊತ್ತಿಲ್ಲವಂತೆ. ಯಾವುದರಿಂದ ಭಾಗವಾಗುತ್ತೆ ಅಂತ ತೋರಿಸದೆ, ಭಾಗವಾಗುತ್ತೆ ಅಂತ ಹೇಳೋದು ಮೋಸ ಅಲ್ವಾ?

ಮೋಸ ಅಲ್ಲ. ಅಪವರ್ತನ ಹುಡುಕುವುದು ಒಂದು ಕೆಲಸ, ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಪರೀಕ್ಷಿಸುವುದು ಬೇರೆಯೇ ಕೆಲಸ. ಶಾಲೆಯಲ್ಲಿ ಎರಡನ್ನೂ ಒಟ್ಟಿಗೆ ಕಲಿಸುವುದರಿಂದ ಎರಡೂ ಒಂದೇ ಅನ್ನಿಸುತ್ತದೆ, ಅಷ್ಟೇ.

1640ರಲ್ಲಿ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞ ಒಂದು ನಿಯಮ ಬರೆದಿಟ್ಟ. 2ಕ್ಕಿಂತ ದೊಡ್ಡ ಯಾವುದೇ ಅವಿಭಾಜ್ಯ ಸಂಖ್ಯೆ ತಗೊಳ್ಳಿ. ಅಷ್ಟು ಸಲ 2ನ್ನು ಬರೆದು ಎಲ್ಲವನ್ನೂ ಒಂದಕ್ಕೊಂದು ಗುಣಿಸಿ, ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 2 ಬರಲೇಬೇಕು. ಬರಲಿಲ್ಲ ಅಂದರೆ ಅದು ಅವಿಭಾಜ್ಯ ಅಲ್ಲ. ವಾದ ಅಲ್ಲಿಗೇ ಮುಗಿಯಿತು, ಅಪವರ್ತನದ ಮಾತೇ ಬರಲಿಲ್ಲ.

91ನ್ನು ನೋಡಿ, ಎಷ್ಟೋ ಜನ ಇದನ್ನು ಅವಿಭಾಜ್ಯ ಅಂದುಕೊಂಡಿರುತ್ತಾರೆ. 2ರ 12ನೇ ಘಾತ 4096. 91ರ 45 ಪಟ್ಟು 4095, ಹಾಗಾಗಿ ಶೇಷ 1. 12, 12ರಂತೆ ಏಳು ಸಲ ಹೋದರೆ 84ನೇ ಘಾತಕ್ಕೂ ಶೇಷ 1. ಇನ್ನು ಏಳು ಬಾಕಿ: 2ರ 7ನೇ ಘಾತ 128, ಅದರಿಂದ 91 ಕಳೆದರೆ 37. ಬರಬೇಕಿದ್ದದ್ದು 2, ಬಂದದ್ದು 37. 7 ಮತ್ತು 13ರ ಹೆಸರೇ ಎತ್ತದೆ 91 ಸಿಕ್ಕಿಬಿತ್ತು.

ದೊಡ್ಡ ಸಂಖ್ಯೆಗೆ ಅಷ್ಟು ಸಲ ಗುಣಿಸುತ್ತಾ ಕೂರಬೇಕಾ ಅಂದರೆ, ಬೇಡ. ವರ್ಗ ಮಾಡಿ, ಶೇಷ ಮಾತ್ರ ಇಟ್ಟುಕೊಂಡು, ಅದನ್ನೇ ಮತ್ತೆ ವರ್ಗ ಮಾಡುತ್ತಾ ಹೋದರೆ ಪ್ರತಿ ಹೆಜ್ಜೆಗೂ ಘಾತ ಇಮ್ಮಡಿಯಾಗುತ್ತದೆ. 617 ಅಂಕಿಗಳ ಸಂಖ್ಯೆಗೂ ಸುಮಾರು ಎರಡು ಸಾವಿರ ವರ್ಗ ಸಾಕು, ಲ್ಯಾಪ್‌ಟಾಪ್‌ಗೆ ಅದು ಕ್ಷಣದ ಕೆಲಸ.

ಆದರೆ ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಫೇಲಾದರೆ ಸಂಯುಕ್ತ, ಖಂಡಿತ. ಪಾಸಾದರೆ ಅವಿಭಾಜ್ಯ ಅಂತ ಹೇಳುವ ಹಾಗಿಲ್ಲ: 341 ಅಂದರೆ 11 ಗುಣಿಸು 31, ಆದರೂ 2ರ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಆಗ 2ರ ಬದಲು 3 ಹಿಡಿದು ನೋಡಬೇಕು. (561ರಂಥ ಕಳ್ಳ ಸಂಖ್ಯೆಗಳು ಯಾವುದನ್ನು ಹಿಡಿದರೂ ಪಾಸಾಗುತ್ತವೆ, ಅವಕ್ಕೆ ಇನ್ನೂ ಬಿಗಿಯಾದ ಪರೀಕ್ಷೆಗಳಿವೆ.) 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎರಡೂ ದಿಕ್ಕಿಗೆ ಖಚಿತ ಉತ್ತರ ಕೊಡುವ ವೇಗದ ವಿಧಾನ ಕಂಡುಹಿಡಿದರು. ಅದೂ ಅಪವರ್ತನ ಹೇಳುವುದಿಲ್ಲ!

ನನಗೆ ತುಂಬಾ ಇಷ್ಟವಾದ ಉದಾಹರಣೆ 2ರ 67ನೇ ಘಾತದಿಂದ 1 ಕಳೆದ ಸಂಖ್ಯೆ, 147573952589676412927. 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಗಣಿತಜ್ಞ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಲ್ಯೂಕಾಸ್ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ತನ್ನದೇ ಒಂದು ಪರೀಕ್ಷೆಯಿಂದ ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದ, ಆದರೆ ಅಪವರ್ತನ ಕೊಡಲಿಲ್ಲ. ಅದು ಸಿಗಲು 1903ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕ್‌ನ ಗಣಿತಜ್ಞರ ಸಭೆಯೊಂದರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಒಂದು ಮಾತೂ ಆಡದೆ ಬೋರ್ಡಿನ ಮೇಲೆ 193707721 ಮತ್ತು 761838257287ನ್ನು ಗುಣಿಸಿ ತೋರಿಸಿ ಕೂತರು ಅಂತ ಕಥೆಯಿದೆ. ಚಿಕ್ಕ ಅಪವರ್ತನವೇ 19 ಕೋಟಿ ದಾಟಿದೆ, ಕೈಲೆಕ್ಕದ ಕಾಲ ಬೇರೆ!

ನೀವು ಓದಿದ್ದು ಬಹುಶಃ ಫರ್ಮಾ ಸಂಖ್ಯೆಗಳ ಬಗ್ಗೆ ಇರಬೇಕು. ಅಂಥದ್ದೊಂದು ನೋಡಿ: 2ರ 1048576ನೇ ಘಾತಕ್ಕೆ 1 ಕೂಡಿಸಿದರೆ 315653 ಅಂಕಿಗಳ ಸಂಖ್ಯೆ ಬರುತ್ತದೆ. ಅದು ಸಂಯುಕ್ತ ಅಂತ 1980ರ ದಶಕದಲ್ಲೇ ಗೊತ್ತಾಯಿತು, ಒಂದು ಅಪವರ್ತನವೂ ಸಿಕ್ಕಿಲ್ಲ.

ನೀವೇ ನೋಡಬೇಕಾದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪವ್ (pow) ಫಂಕ್ಷನ್‌ಗೆ 3, ನಿಮ್ಮ ಸಂಖ್ಯೆ (3ಕ್ಕಿಂತ ದೊಡ್ಡದಿರಲಿ), ಮತ್ತೆ ಅದೇ ಸಂಖ್ಯೆ ಕೊಡಿ. 3 ಬರದಿದ್ದರೆ ಸಂಯುಕ್ತ. ಕೋಲ್ ಅವರ ಸಂಖ್ಯೆಯ ಮೇಲೆ ಮಾತ್ರ 2 ಹಾಕಬೇಡಿ, ಮರ್ಸೆನ್ ಸಂಖ್ಯೆಗಳು (2ರ ಅವಿಭಾಜ್ಯ ಘಾತದಿಂದ 1 ಕಳೆದವು) 2ರ ಪರೀಕ್ಷೆಯಲ್ಲಿ ಸುಮ್ನೆ ಪಾಸಾಗಿಬಿಡುತ್ತವೆ.