ಸ್ಪ್ರಿಂಟ್ ಎರಡು ವಾರದ್ದು, ಟೇಬಲ್ ಹತ್ತು ವರ್ಷದ್ದು

2017ರ ಜುಲೈ ಮೊದಲ ವಾರ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ ಚಿಕ್ಕ ತಂಡದಲ್ಲಿದ್ದೆ. ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂತು. ನಮ್ಮ ಡೇಟಾಬೇಸ್ ಟೇಬಲ್‌ನಲ್ಲಿ, ಅಂದರೆ ಮಾಹಿತಿಯನ್ನು ಸಾಲು, ಕಾಲಮ್ ಮಾಡಿ ಇಡುವ ಪಟ್ಟಿಯಲ್ಲಿ, ತೆರಿಗೆಗೆ ಅಂತ ಇದ್ದದ್ದು ಒಂದೇ ಕಾಲಮ್. ರಾತ್ರಿಯೆಲ್ಲ ಕೂತು ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ, ಹೊರರಾಜ್ಯದ ಮಾರಾಟಕ್ಕೆ ಐಜಿಎಸ್‌ಟಿ, ಮೂರನ್ನೂ ಸೇರಿಸಿದೆವು. ಬೆಳಗ್ಗೆ ಬಿಲ್ ಸರಿಯಾಗಿಯೇ ಬಂತು.

ಮೂರನೇ ದಿನ ಒಬ್ಬ ಅಂಗಡಿಯವರ ಫೋನ್. "ಸಾರ್, ಮೇ ತಿಂಗಳ ಬಿಲ್ ಇನ್ನೊಂದ್ಸಲ ಪ್ರಿಂಟ್ ತೆಗೆದ್ರೆ ಅದ್ರಲ್ಲೂ ಜಿಎಸ್‌ಟಿ ಬರ್ತಿದೆ."

ಬಿಲ್ ಮಾಡಿದ ದಿನದ ರೇಟನ್ನು ನಾವು ಬಿಲ್ ಜೊತೆ ಬರೆದಿಡುತ್ತಿರಲಿಲ್ಲ. ಪ್ರಿಂಟ್ ಕೊಟ್ಟಾಗಲೆಲ್ಲ ಸಾಮಾನಿನ ಟೇಬಲ್‌ನಿಂದ ಎತ್ತಿಕೊಳ್ಳುತ್ತಿದ್ದೆವು. ಅಲ್ಲಿ ರೇಟ್ ಬದಲಾಯಿತು, ಹಳೆಯ ಲೆಕ್ಕವೆಲ್ಲ ಬದಲಾಯಿತು. ಯಾರೂ ಸೋಮಾರಿತನ ಮಾಡಿರಲಿಲ್ಲ. 'ಬಿಲ್‌ನಲ್ಲಿ ತೆರಿಗೆ ಕಾಣಬೇಕು' ಎಂಬ ಸ್ಟೋರಿ (ಬಳಸುವವರಿಗೆ ಏನು ಬೇಕು ಅಂತ ಹೇಳುವ ಚಿಕ್ಕ ಬೇಡಿಕೆ) ಬಂದಿತ್ತು, ಮಾಡಿದ್ದೆವು, ಡೆಮೊ ಕೊಟ್ಟಿದ್ದೆವು. ರೇಟ್ ಬದಲಾದರೆ ಏನು ಅಂತ ಯಾವ ಸ್ಪ್ರಿಂಟ್‌ನಲ್ಲೂ, ಅಂದರೆ ಎರಡು ವಾರದ ಯಾವ ಕೆಲಸದ ಸುತ್ತಿನಲ್ಲೂ, ಯಾರೂ ಕೇಳಿರಲಿಲ್ಲ, ಅಷ್ಟೇ. ಮೊದಲೇ ಮಾಡಿದ್ದರೆ ಅರ್ಧ ದಿನದ ಕೆಲಸ. ಆಮೇಲೆ ಹಳೆಯ ಬಿಲ್‌ಗಳನ್ನೆಲ್ಲ ತಾರೀಖು ನೋಡಿ ನೋಡಿ ಸರಿಮಾಡಲು ವಾರಗಳೇ ಹಿಡಿದವು.

ಹೀಗೆ ಸಣ್ಣ ಸಣ್ಣ ಸುತ್ತುಗಳಲ್ಲಿ ಸಾಫ್ಟ್‌ವೇರ್ ಮಾಡುತ್ತಾ ಹೋಗುವ ಪದ್ಧತಿಗೆ ಅಜೈಲ್ ಅನ್ನುತ್ತಾರೆ. 'ನಾವು ಅಜೈಲ್, ಡಿಸೈನ್ ಆಮೇಲೆ ನೋಡೋಣ' ಎನ್ನುವವರು ಇಂದಿಗೂ ಸಿಗುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರಲ್ಲ, ಅದರ ಜೊತೆಗಿನ 12 ತತ್ವಗಳಲ್ಲೇ ಒಳ್ಳೆಯ ಡಿಸೈನ್ ಕಡೆ ಸದಾ ಗಮನ ಇರಲಿ ಎಂಬ ಮಾತಿದೆ. ಹಾಗಂತ ಆರು ತಿಂಗಳು ಡಾಕ್ಯುಮೆಂಟ್ ಬರೆಯುತ್ತಾ ಕೂರುವುದನ್ನೂ ನಾನು ಒಪ್ಪುವುದಿಲ್ಲ.

ಹೊಸ ಸ್ಟೋರಿ ಬಂದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಒಂದು ವರ್ಷ ಬಿಟ್ಟು ಇದನ್ನು ಬದಲಿಸಬೇಕಾದರೆ ಎಷ್ಟು ದಿನ ಬೇಕು? ಸ್ಕ್ರೀನ್, ಬಟನ್, ರಿಪೋರ್ಟ್ ಆದರೆ ಕೆಲವು ಗಂಟೆ. ಅದಕ್ಕೆ ಮೀಟಿಂಗ್ ಯಾಕೆ, ಸುಮ್ನೆ ಮಾಡಿಬಿಡಿ. ದುಡ್ಡು, ತಾರೀಖು, ಗುರುತು, ಈ ಮೂರರಲ್ಲಿ ಯಾವುದನ್ನಾದರೂ ಮುಟ್ಟುವ ಸ್ಟೋರಿ ಆದರೆ ಮಾತ್ರ ನಿಲ್ಲಿಸಿ ಕೂತು ಮಾತಾಡುತ್ತೇವೆ. ದುಡ್ಡನ್ನು ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೀತಿ) ಇಟ್ಟರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ, ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಬೇಕು. ಗ್ರಾಹಕರ ಗುರುತಿಗೆ ಮೊಬೈಲ್ ನಂಬರನ್ನೇ ಕೀ (ಡೇಟಾಬೇಸ್‌ನಲ್ಲಿ ಒಬ್ಬರ ಖಾತೆ ಹುಡುಕುವ ಗುರುತು) ಮಾಡುವವರು ತುಂಬಾ ಜಾಸ್ತಿ. ನಮ್ಮ ದೇಶದಲ್ಲಿ ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಕೈ ಸೇರಬಹುದು. ಆಗ ಒಬ್ಬರ ಬಾಕಿ ಇನ್ನೊಬ್ಬರ ಖಾತೆಯಲ್ಲಿ ಕಾಣುತ್ತದೆ, ಅಲ್ವಾ?

ಹಾಗೆ ಕೂತು ಮಾತಾಡಿದ್ದನ್ನು ಒಂದು ಪುಟದಲ್ಲಿ ಬರೆದು ಕೋಡ್ ಪಕ್ಕದಲ್ಲೇ ಇಡುತ್ತೇವೆ. ಏನು ತೀರ್ಮಾನ, ಯಾಕೆ, ಬೇರೆ ಯಾವ ದಾರಿ ಬಿಟ್ಟೆವು. ಸಾಫ್ಟ್‌ವೇರ್ ಪರಿಣತ ಮೈಕೆಲ್ ನೈಗಾರ್ಡ್ 2011ರಲ್ಲಿ ಹೇಳಿಕೊಟ್ಟ ಪದ್ಧತಿ ಇದು. ಎರಡು ವರ್ಷದ ನಂತರ ತಂಡಕ್ಕೆ ಸೇರಿದ ಹುಡುಗಿ "ಇದನ್ನ ಯಾಕೆ ಹೀಗ್ ಮಾಡಿದ್ದೀರಿ?" ಅಂದರೆ ತೋರಿಸಲು ಏನಾದರೂ ಇರುತ್ತದೆ.

ಕೋಡ್ ಸರಿಮಾಡಲು ಬೇರೆ ಸ್ಪ್ರಿಂಟ್ ಕೇಳಬೇಡಿ. ಕೆಲಸ ಒತ್ತಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಆ ಭಾಗವನ್ನು ಮುಟ್ಟುವ ಫೀಚರ್ ಬಂದಾಗ ಅದರ ಎಸ್ಟಿಮೇಟ್‌ನಲ್ಲೇ ಸೇರಿಸಿ. ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್ ಹತ್ತಿರ 'ಆರ್ಕಿಟೆಕ್ಚರ್' ಅಂದರೆ ಮಾತು ಮುಂದೆ ಹೋಗುವುದಿಲ್ಲ. "ಇವತ್ತು ಎರಡು ದಿನ, ಮುಂದಿನ ವರ್ಷ ಇಪ್ಪತ್ತು ದಿನ" ಅಂದರೆ ತಕ್ಷಣ ಅರ್ಥವಾಗುತ್ತದೆ.

2017ರಲ್ಲಿ ನಾವು ರೇಟ್‌ಗೆ ಬೇರೆ ಟೇಬಲ್ ಮಾಡಿ, 'ಯಾವ ದಿನದಿಂದ' ಎಂಬ ಕಾಲಮ್ ಇಟ್ಟೆವು. ರೇಟನ್ನು ಬಿಲ್ಲಿನ ಪ್ರತಿ ಸಾಲಿನಲ್ಲೂ ಬರೆಯತೊಡಗಿದೆವು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಮತ್ತೆ ಬದಲಾಯಿತು. ತುಪ್ಪಕ್ಕೆ ಶೇ. 12 ಇದ್ದದ್ದು ಶೇ. 5 ಆಯಿತು. ಈ ಸಲ ಕೋಡ್ ಮುಟ್ಟಲಿಲ್ಲ. ರೇಟ್ ಟೇಬಲ್‌ಗೆ ಹೊಸ ಸಾಲುಗಳನ್ನು ವಾರ ಮೊದಲೇ ಹಾಕಿದ್ದೆವು. ಅವತ್ತು ಬೆಳಗ್ಗೆ ಬಂದವನೇ ಆಗಸ್ಟ್ ತಿಂಗಳ ಒಂದು ತುಪ್ಪದ ಬಿಲ್ ಹುಡುಕಿ ಪ್ರಿಂಟ್ ಕೊಟ್ಟೆ. ಶೇ. 12 ಎಂದೇ ಬಂತು.